ಸಾಲಿನ ಕೊನೆಯ ಗಾಡಿ

ನಾನು ಕೈ ಎತ್ತಿದ್ದೆ. ಎತ್ತಿಲ್ಲ ಎಂದು ಹೇಳಿದೆ. ಆ ಮಾತನ್ನು ಅದೇ ದಿನ ತಿದ್ದಬೇಕಿತ್ತು, ತಿದ್ದಲಿಲ್ಲ. ಬೇಸಿಗೆ ಕಳೆದು ಮಳೆಗಾಲ ಬಂದು ಹೋಗುವವರೆಗೂ ತಿದ್ದಲಿಲ್ಲ. ಅಷ್ಟು ದಿನವೂ ನನ್ನ ತಂಗಿ ತನ್ನ ಕಣ್ಣುಗಳನ್ನೇ ನಂಬದೆ ಓಡಾಡಿದಳು.

ಇದನ್ನು ಬರೆಯಬೇಡ ಎಂದವರಿದ್ದಾರೆ. ಮನೆಯ ಮಾತು ಮನೆಯಲ್ಲಿರಲಿ ಎಂದು ವಡಾಲದಲ್ಲಿರುವ ನಮ್ಮ ಸೋದರಮಾವ ಎರಡು ಸಲ ಫೋನ್ ಮಾಡಿ ಹೇಳಿದರು. ಸುಳ್ಳನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ, ಹತ್ತು ಜನರ ಮುಂದೆ ಹೇಳಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಕೆಲವರು ನನ್ನ ಮೇಲಿನ ಕರುಣೆಯಿಂದ, ಪಾಪ, ಹೆಚ್ಚು ಓದಿದವನಲ್ಲ, ಹೆದರಿ ಹಾಗೆ ಹೇಳಿದ ಎನ್ನುತ್ತಾರೆ. ಆ ಕರುಣೆ ನನಗೆ ಬೇಡ. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವನು, ನಿಜ. ಆದರೆ ಕೈ ಎತ್ತಿದ್ದು ಹೌದೋ ಅಲ್ಲವೋ ಎಂದು ಹೇಳಲು ಅಷ್ಟು ಶಾಲೆಯೂ ಬೇಕಿರಲಿಲ್ಲ.

ನಾವು ವಿಜಯಪುರದ ಕಡೆಯವರು. ಅಪ್ಪ ಮಲಾಡ್ ಮಾರ್ಕೆಟ್ಟಿನ ಕಿರಾಣಿ ಅಂಗಡಿಯೊಂದರಲ್ಲಿ ಕೆಲಸಕ್ಕೆಂದು ಬಂದರು, ನಾವಿಬ್ಬರೂ ಇಲ್ಲೇ ಹುಟ್ಟಿದೆವು. ಅಪ್ಪ ಈಗಿಲ್ಲ. ಅವ್ವ, ನಾನು, ತಂಗಿ, ಮೂರೇ ಜನ, ಮಲಾಡಿನದೇ ಒಂದು ಚಾಳಿನಲ್ಲಿ ಇದ್ದೇವೆ. ಶಾಲೆ ಬಿಟ್ಟ ಮೇಲೆ ನಾನು ಗ್ಯಾರೇಜು ಸೇರಿದೆ. ತಂಗಿ ಹನ್ನೆರಡನೆಯದರವರೆಗೆ ಓದಿದಳು.

ಉಡುಪಿ ಕಡೆಯ ಹೋಟೆಲಿನವರೊಬ್ಬರು ಚೆಂಬೂರಿನ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ಮಲಾಡಿನ ಪಶ್ಚಿಮಕ್ಕೆ, ಕೊಲ್ಲಿಯ ಆಚೆ, ಕ್ವಾಡ್ ಬೈಕಿನ ಧಂದೆ ಶುರು ಮಾಡಿದ್ದರು. ಎಲ್ಲರೂ ಅವರನ್ನು ಸೇಠ್ ಎಂದೇ ಕರೆಯುತ್ತಿದ್ದರು. ಮೊದಲು ನಾನು ಅಲ್ಲಿ ಗಾಡಿ ರಿಪೇರಿಗೆ ಸೇರಿದೆ. ಆಮೇಲೆ ತಂಗಿಯನ್ನು ನಾನೇ ಕರೆದುಕೊಂಡು ಹೋದೆ.

ಕ್ವಾಡ್ ಬೈಕಿನ ಮೇಲೆ ಕೂರಿಸಿ ಮುಂಬಯಿ ತೋರಿಸುವುದೂ ಒಂದು ಕೆಲಸ ಎಂದರೆ ಊರ ಕಡೆಯವರು ನಗುತ್ತಾರೆ. ನಾಲ್ಕು ದಪ್ಪ ಗಾಲಿಯ ಗಾಡಿ ಅದು. ಕುದುರೆಯ ಮೇಲೆ ಕೂತಂತೆ ಕೂತು ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಓಡುತ್ತದೆ. ಡಾಂಬರು ರಸ್ತೆಗೆ ಹತ್ತುವಂತಿಲ್ಲ, ಸಮುದ್ರದ ಮರಳಿಗೆ ಇಳಿಯುವಂತಿಲ್ಲ. ಅವೆರಡರ ನಡುವೆ ಸೇಠ್ ಬಾಡಿಗೆಗೆ ಹಿಡಿದ ಜಾಗದ ಮಣ್ಣು ದಾರಿಯಲ್ಲಿ ನಮ್ಮ ಸಾಲು ಹೋಗುತ್ತದೆ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಅಂಚು, ಬಿದಿರಿನ ಮೇಲೆ ಬೊಂಬಿಲ್ ಮೀನು ಒಣಗಿಸಿದ, ಕೋಳಿ ಎಂಬ ಮೀನುಗಾರ ಜನರ ಅಂಗಳ, ಶೂಟಿಂಗ್ ನಡೆಯುವ ಬಂಗಲೆಯ ಹಿಂಗೋಡೆ, ಕೊನೆಗೆ ಒಂದು ದಿಬ್ಬ. ದಿಬ್ಬದ ಮೇಲಿಂದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದೂರದಲ್ಲಿ ಹೊಗೆಯೊಳಗೆ ನಿಂತ ಬಿಲ್ಡಿಂಗುಗಳು. ಲೋಕಲ್‌ನಲ್ಲಿ ಮೈ ಹಿಂಡಿಸಿಕೊಂಡು ಬಂದವರಿಗೆ ಇದೂ ಮುಂಬಯಿಯೇ ಎಂದು ನಂಬಿಕೆಯೇ ಆಗುವುದಿಲ್ಲ.

ಸಾಲಿನ ಮುಂದಿನ ಗಾಡಿ ತಂಗಿಯದು. ಅವಳು ಗೈಡ್. ಮೊದಮೊದಲು ಗಿರಾಕಿಗಳು ಅನುಮಾನದಿಂದ ನೋಡುತ್ತಿದ್ದರು. "ಮೇಡಂ, ಆಪ್ ಸಂಭಾಲ್ ಲೋಗೇ?" ಎಂದು ಒಬ್ಬ ಕೇಳಿದಾಗ ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, "ಪೀಛೆ ಆವೋ, ಪತಾ ಚಲೇಗಾ" ಎಂದಿದ್ದಳು. ನಿಲ್ಲಿಸಿದ ಕಡೆಯಲ್ಲೆಲ್ಲ ಏನಾದರೂ ಹೇಳುವಳು. ಕಾಂಡ್ಲಾ ಗಿಡದ ಎಲೆ ಕಿತ್ತು ಕೊಟ್ಟು ನೆಕ್ಕಿ ನೋಡಿ ಎನ್ನುವಳು. ದೊಡ್ಡ ದೊಡ್ಡ ಕಂಪನಿಯ ಸಾಹೇಬರು ಎಲೆ ನೆಕ್ಕಿ, ಉಪ್ಪುಪ್ಪಾಗಿದೆ ಎಂದು ಮಕ್ಕಳಂತೆ ಕೂಗುವರು. ಕುಡಿದ ಸಮುದ್ರದ ಉಪ್ಪನ್ನು ಆ ಗಿಡ ಎಲೆಯಿಂದ ಹೊರಗೆ ಹಾಕುತ್ತದೆ ಎಂಬುದನ್ನು ಅವಳು ಮೀನಿನ ಬುಟ್ಟಿ ಹೊರುವ ಒಬ್ಬ ಮಾವಶಿಯಿಂದ ಕಲಿತಿದ್ದಳು.

ಕೊನೆಯ ಗಾಡಿ ನನ್ನದು. ಅದರ ಕೆಲಸಕ್ಕೆ ಎರಡೇ ಕಟ್ಟಳೆ. ಕೊನೆಯ ಗಿರಾಕಿಯನ್ನು ಎಂದೂ ದಾಟಿ ಮುಂದೆ ಹೋಗಬಾರದು. ಅವನು ನಿಂತರೆ ನಾನೂ ನಿಲ್ಲಬೇಕು, ಅವನು ಮೂತ್ರಕ್ಕೆ ಹೋದರೂ ಕಾಯಬೇಕು. ಎರಡನೆಯದು ಕೈ. ದಾರಿಯ ಮಧ್ಯೆ ಹಳೆಯ ಶಿಲುಬೆಯ ಕಟ್ಟೆಯ ಬಳಿ ದೊಡ್ಡ ತಿರುವಿದೆ. ಮುಂದಿನ ಗಾಡಿ ಅದನ್ನು ದಾಟಿ ಏರಿನ ಮೇಲೆ ನಿಂತು ಹಿಂದಕ್ಕೆ ನೋಡುತ್ತದೆ. ಧೂಳು ಮತ್ತು ಗಾಳಿಮರಗಳ ನಡುವೆ ಗಾಡಿಗಳನ್ನು ಎಣಿಸಲು ಆಗುವುದಿಲ್ಲ. ಕಾಣುವುದು ಒಂದೇ, ಕೊನೆಯವನು ತಲೆಯ ಮೇಲೆ ನೇರವಾಗಿ ಎತ್ತಿದ ಎಡಗೈ. ಎಡಗೈ ಯಾಕೆಂದರೆ ಬಲಗೈಯಲ್ಲಿ ಗಾಡಿ ಓಡುತ್ತಿರುತ್ತದೆ. ಕೈ ಎದ್ದರೆ ಎಲ್ಲರೂ ಬಂದರು ಎಂದರ್ಥ, ಸಾಲು ಮುಂದಕ್ಕೆ ಹೋಗುತ್ತದೆ. ಕೈ ಏಳದಿದ್ದರೆ ಹೋಗುವುದಿಲ್ಲ.

ಕೊನೆಯ ಗಾಡಿಯವನು ಎಲ್ಲರ ಧೂಳು ತಿನ್ನುತ್ತಾನೆ. ಅದು ಕೆಲಸದ ಭಾಗ, ನನಗೆ ಗೊತ್ತಿತ್ತು. ಗೊತ್ತಿದ್ದೂ ಸಂಜೆ ಮೂಗಿನಿಂದ ಕೆಂಪು ಮಣ್ಣು ತೆಗೆಯುವಾಗ, ಇವಳನ್ನು ಇಲ್ಲಿಗೆ ಕರೆತಂದವನು ನಾನು, ಗೇರು ಹಾಕಲು ಕಲಿಸಿದವನು ನಾನು ಎಂಬ ಮಾತು ಒಳಗೆ ಏಳುತ್ತಿತ್ತು. ಹೊಟ್ಟೆಕಿಚ್ಚೇನಣ್ಣಾ ಎಂದು ಅವಳು ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವಳು ಕೇಳಲಿಲ್ಲ. ಅಣ್ಣ ಹಿಂದೆ ಇದ್ದಾನೆ ಎಂಬ ಧೈರ್ಯದಲ್ಲೇ ಅವಳು ಮುಂದೆ ಹೋಗುತ್ತಿದ್ದಳು.

ಆ ದಿನ ಬಂದದ್ದು ಒಂದು ಮನೆತನದ ಗುಂಪು. ಅವರಲ್ಲಿ ಎಲ್ಲರೂ ಜೀಜಾಜಿ ಎಂದು ಕರೆಯುತ್ತಿದ್ದ ಒಬ್ಬ ದಪ್ಪ ಮನುಷ್ಯನಿದ್ದ. ನಗಿಸುವುದೇ ಅವನ ಕೆಲಸ. ಹೊರಡುವಾಗ ನಾವಿಬ್ಬರೂ ಅಣ್ಣತಂಗಿ ಎಂದು ಯಾರೋ ಹೇಳಿದರು. ಅವನು ನನ್ನ ಬೆನ್ನು ತಟ್ಟಿ, "ಅರೇ ವಾಹ್! ಬೆಹನ್ ಇಂಜಿನ್, ಭಾಯಿ ಗಾರ್ಡ್ ಕಾ ಡಿಬ್ಬಾ!" ಎಂದ. ತಂಗಿ ರೈಲಿನ ಇಂಜಿನ್, ನಾನು ಕಟ್ಟಕಡೆಯ ಡಬ್ಬಿ. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನಾನೂ ಹಲ್ಲು ಬಿಟ್ಟೆ.

ಶಿಲುಬೆಯ ತಿರುವಿಗೆ ಸ್ವಲ್ಪ ಮೊದಲು, ಗಾಳಿಮರಗಳ ನೆರಳಿನಲ್ಲಿ, ಸಾಲಿನ ಕೊನೆಯಲ್ಲಿದ್ದ ಆ ಜೀಜಾಜಿ ಗಾಡಿ ನಿಲ್ಲಿಸಿ ಮೊಬೈಲು ತೆಗೆದ. ಮರಗಳ ಸಂದಿನಿಂದ ಸಮುದ್ರ ಹೊಳೆಯುತ್ತಿತ್ತು. ನಾನು ಅವನ ಹಿಂದೆ ನಿಂತೆ. ಅವನು ತಿರುಗಿ, "ತೂ ಚಲ್ ನಾ, ಗಾರ್ಡ್ ಸಾಬ್. ಮೈ ಆಯಾ" ಎಂದು ಕೈಯಿಂದ ಸನ್ನೆ ಮಾಡಿದ, ನೊಣ ಓಡಿಸಿದ ಹಾಗೆ.

ನಾನು ಹೋದೆ. ಅವನನ್ನು ದಾಟಿ ಹೋದೆ. ಬರುತ್ತಾನೆ ಬಿಡು, ಬರದಿದ್ದರೆ ನಡೆದು ಬರಲಿ ಎಂದುಕೊಂಡೆ. ಏರಿನ ಮೇಲೆ ತಂಗಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಹಿಂದಕ್ಕೆ ನೋಡುತ್ತಿದ್ದಳು. ಕೈ ಎತ್ತದಿದ್ದರೆ ಅವಳು ಎಲ್ಲರ ಮುಂದೆ ಇಳಿದು ಬಂದು, ಯಾಕಣ್ಣಾ ಎಂದು ಕೇಳುತ್ತಿದ್ದಳು. ನಾನು ಎಡಗೈ ಎತ್ತಿದೆ. ಚೆನ್ನಾಗಿ, ನೇರವಾಗಿ ಎತ್ತಿದೆ. ಅವಳು ಮುಂದೆ ಹೊರಟಳು.

ಜೀಜಾಜಿ ನಮ್ಮ ಹಿಂದೆ ಬರಲಿಲ್ಲ. ಮರಗಳ ನಡುವಿನಿಂದ ಮರಳಿಗೆ ಇಳಿದ, ವಿಡಿಯೊ ಮಾಡಲು. ನೀರು ಏರುವ ಹೊತ್ತು. ಹಸಿ ಮರಳಿನಲ್ಲಿ ಗಾಡಿ ಕೂತುಬಿಟ್ಟಿತು, ಇಳಿಯಲು ಹೋದಾಗ ವಾಲಿ ಅವನ ಕಾಲನ್ನು ಅಡಿಗೆ ಹಾಕಿಕೊಂಡಿತು. ಬೊಬ್ಬೆ ಕೇಳಿ ನಾವು ತಿರುಗಿ ಬರುವಷ್ಟರಲ್ಲಿ ನೀರು ಅವನ ಎದೆಯವರೆಗೆ ಬಂದಿತ್ತು. ಕೋಳಿ ಜನರ ಗಂಡಸರು ದೋಣಿಯ ಹಗ್ಗ ಕಟ್ಟಿ ಗಾಡಿಯನ್ನು ಎಳೆದರು, ಹೆಂಗಸರು ಅವನ ಕಂಕುಳಿಗೆ ಕೈ ಹಾಕಿ ಎಳೆದರು, ಎಳೆಯುತ್ತಲೇ ನಮ್ಮ ವಂಶವನ್ನೆಲ್ಲ ಮರಾಠಿಯಲ್ಲಿ ಬೈದರು. ಅವನು ಬದುಕಿದ. ಕಾಲು ಮುರಿದಿತ್ತು.

ಸಂಜೆ ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಸೇಠ್ ಎಲ್ಲರನ್ನೂ ನಿಲ್ಲಿಸಿದರು. ಕೆಲಸದವರಿದ್ದರು, ಗಿರಾಕಿಯ ಕಡೆಯವರೂ ಇದ್ದರು.

"ಎಂತ ಇದು? ಒಂದು ಜನ ಹಿಂದೆ ಉಳಿದದ್ದು ನಿಂಗೆ ಕಾಣ್ಲಿಲ್ವಾ?" ಎಂದು ತಂಗಿಯನ್ನು ಕೇಳಿದರು.

"ಅಣ್ಣ ಕೈ ಎತ್ತಿದಾ. ನಾ ನೋಡೇ ಮುಂದ ಹೋಗೀನಿ" ಎಂದಳು ಅವಳು. ದೂರುವ ದನಿಯಿರಲಿಲ್ಲ. ಆದದ್ದನ್ನು ಹೇಳಿದಳು ಅಷ್ಟೆ. ನಾನು ಅದರ ಮುಂದಿನದನ್ನು ಹೇಳುತ್ತೇನೆ ಎಂದು ನನ್ನ ಕಡೆ ನೋಡಿದಳು.

"ನಾ ಕೈ ಎತ್ತಿಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಲಿಲ್ಲ. "ಗಿರಾಕಿ ಬರಲಿ ಅಂತ ಕಾಯಾಕತ್ತಿದ್ದೆ. ಅಕಿ ಧೂಳಾಗ ಏನ್ ನೋಡಿದಳೋ ಏನೋ, ಹೋಗೇಬಿಟ್ಟಳು. ಸಾಲು ತಪ್ಪಬಾರದಂತ ನಾನೂ ಹೋದೆ."

ಅವಳು ಸಿಟ್ಟಾಗಿ ನನ್ನ ಕಪಾಳಕ್ಕೆ ಹೊಡೆದಿದ್ದರೆ ಈ ಕತೆ ಅಲ್ಲೇ ಮುಗಿಯುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. "ಹೌದೇನಣ್ಣಾ?" ಎಂದಳು. ಆಮೇಲೆ ಸೇಠ್ ಕಡೆ ತಿರುಗಿ, "ಹಂಗಾದ್ರ ನಂಗ ಕಂಡದ್ದು ತಪ್ಪಿರಬೇಕ್ರಿ" ಎಂದಳು.

ಇಡೀ ಜನ್ಮದಲ್ಲಿ ನಾನು ಅವಳಿಗೆ ಸುಳ್ಳು ಹೇಳಿದ್ದಿಲ್ಲ. ಅದೇ ನನ್ನನ್ನು ಉಳಿಸಿತು.

ಮರುವಾರದಿಂದ ಮುಂದಿನ ಗಾಡಿ ನನಗೆ ಬಂತು. ಅವಳನ್ನು ಹೆಲ್ಮೆಟ್ ಕೊಡುವ ಮೇಜಿಗೆ ಹಾಕಿದರು. ಹೆಣ್ಣುಮಕ್ಕಳಿಗೆ ಕನ್ನಡಿಯಲ್ಲಿ ತಮ್ಮ ಮುಖ ಬಿಟ್ಟು ಬೇರೇನೂ ಕಾಣೋದಿಲ್ಲ ಎಂದು ಕೆಲಸದವನೊಬ್ಬ ಜೋಕು ಮಾಡಿದ. ನಾನು ಕೇಳಿಸಿಕೊಂಡೂ ನನ್ನ ಗಾಡಿ ಒರೆಸುತ್ತ ಹೋದೆ.

ಮುಂದಿನ ಗಾಡಿಯಲ್ಲಿ ಧೂಳಿಲ್ಲ. ಗಾಳಿ ನೇರ ಮುಖಕ್ಕೆ ಬರುತ್ತದೆ, ಸಮುದ್ರದ ವಾಸನೆ ಮೊದಲು ನಮಗೇ ಸಿಗುತ್ತದೆ. ಇವಳು ಇದನ್ನು ಇಷ್ಟು ದಿನ ಅನುಭವಿಸಿದಳಲ್ಲ ಎಂದು ಮೊದಲ ದಿನ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಆದರೆ ನಿಂತ ಕಡೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. "ಯೇ ಝಾಡ್ ಹೈ. ವೋ ಸಮಂದರ್ ಹೈ" ಎನ್ನುತ್ತಿದ್ದೆ. ಒಬ್ಬ ಹುಡುಗಿ, "ಅಂಕಲ್, ವೋ ತೋ ದಿಖ್ ರಹಾ ಹೈ" ಎಂದಳು. ಎಲೆ ನೆಕ್ಕಿಸಲು ಹೋಗಿ ಬೇರೆ ಯಾವುದೋ ಗಿಡದ ಎಲೆ ಕೊಟ್ಟೆ. ಗಿರಾಕಿಗಳು ಥೂ ಥೂ ಎಂದು ಉಗಿದರು.

ಇತ್ತ ತಂಗಿ ಮಲಾಡ್ ಸ್ಟೇಷನ್ ಹತ್ತಿರದ ಚಸ್ಮಾ ಅಂಗಡಿಗೆ ಹೋಗಿ ಕಣ್ಣು ತೋರಿಸಿದಳು. ಏನೂ ತೊಂದರೆ ಇಲ್ಲ ಎಂದರು. ಇನ್ನೊಂದು ಸಲ ನೋಡಿ ಎಂದಳಂತೆ. ಇನ್ನೊಂದು ಸಲವೂ ಹಾಗೇ ಹೇಳಿದರು. ಮನೆಗೆ ಬಂದು, "ಅಣ್ಣಾ, ಗ್ಯಾಲರಿ ಆ ತುದಿಗೆ ಹೋಗಿ ನಿಲ್ಲು. ಕೈ ಎತ್ತು, ಇಳಿಸು. ನಾ ಹೇಳ್ತೀನಿ" ಎಂದಳು.

ನಮ್ಮ ಚಾಳಿನ ಗ್ಯಾಲರಿ ಉದ್ದ. ಒಂದು ತುದಿಯಲ್ಲಿ ನೀರು ತುಂಬಿಟ್ಟ ಪಿಂಪುಗಳ ಪಕ್ಕ ನಾನು, ಇನ್ನೊಂದು ತುದಿಯಲ್ಲಿ ಅವಳು, ನಡುವೆ ಒಣಗಲು ಹಾಕಿದ ಸೀರೆ, ಚಡ್ಡಿ, ಬನಿಯನ್ನು. ನಾನು ಎಡಗೈ ಎತ್ತಿದೆ.

"ಎತ್ತಿದಿ!"

ಇಳಿಸಿದೆ.

"ಇಳಿಸಿದಿ! ಈಗ ಅರ್ಧ ಎತ್ತೀದಿ! ಮೋಸ ಮಾಡಬ್ಯಾಡ!"

ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು, "ಏನ್ರವಾ, ಅಣ್ಣಗ ಡ್ರಿಲ್ ಮಾಡ್ಸಾಕತ್ತಿಯೇನ?" ಎಂದು ನಕ್ಕಳು. ತಂಗಿ ಒಂದನ್ನೂ ತಪ್ಪು ಹೇಳಲಿಲ್ಲ. ಕೊನೆಗೆ ಹತ್ತಿರ ಬಂದು, "ಇಷ್ಟ ಛಂದ ಕಾಣತೈತಿ. ಹಂಗಾದ್ರ ಅವತ್ತ ನಂಗೇನಾಗಿತ್ತಣ್ಣಾ?" ಎಂದು ಕೇಳಿದಳು. ಆಗ ಹೇಳಬಹುದಿತ್ತು. ಅಜ್ಜಿ ಒಳಗೆ ಹೋಗಿದ್ದಳು, ನಾವಿಬ್ಬರೇ. "ಬಿಸಿಲು ಇತ್ತಲ್ಲ" ಎಂದೆ.

ಅವಳು ಚಸ್ಮಾ ಹಾಕಿಕೊಂಡಳು. ನಂಬರ್ ಇಲ್ಲದ ಗಾಜು. ಅಂಗಡಿಯವನ ಹತ್ತಿರ ಹಟ ಮಾಡಿ ಮಾಡಿಸಿಕೊಂಡಳು. "ಲಗ್ನದ ಹುಡುಗಿ, ಇಲ್ಲದ ಕುಂದು ಯಾಕ ಹಚ್ಚಿಕೋತಿ?" ಎಂದು ಅವ್ವ ಬೈದಳು. ಮಳೆಗಾಲದಲ್ಲಿ ನಮ್ಮ ಕೆಲಸ ಬಂದ್ ಇರುತ್ತದೆ. ಒಂದು ದಿನ ಮೂವರೂ ಮಾರ್ಕೆಟ್ಟಿಗೆ ಹೋಗಿದ್ದೆವು. ಸಿಗ್ನಲ್ಲಿನಲ್ಲಿ ಜನ ಎಲ್ಲ ದಾಟಿದರು, ಅವ್ವ ದಾಟಿದಳು. ತಂಗಿ ಕಟ್ಟೆಯಂಚಿಗೇ ನಿಂತಿದ್ದಳು. ಛತ್ರಿಯಡಿಯಿಂದ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದಳು. ರಸ್ತೆ ಖಾಲಿ ಇತ್ತು. ನನ್ನ ಅಂಗಿಯ ತೋಳು ಹಿಡಿದು, "ಅಣ್ಣಾ, ಗಾಡಿ ಏನರೆ ಬರಾಕತ್ತೈತೇನು? ನೀ ನೋಡಿ ಹೇಳು" ಎಂದಳು.

ಹತ್ತು ಗಾಡಿಗಳ ಮುಂದೆ ಹೋಗುತ್ತಿದ್ದ ಹುಡುಗಿ ಅವಳು. ಖಾಲಿ ರಸ್ತೆ ದಾಟಲು ಕಣ್ಣು ಬೇಡುತ್ತಿದ್ದಳು, ಅದೂ ನನ್ನದನ್ನು.

ಕೆಲಸ ಬಂದ್ ಇದ್ದಾಗ ಸೇಠ್ ಮಗನ ಹೋಟೆಲಿನಲ್ಲೇ ಕೂರುತ್ತಿದ್ದರು. ನಾನು ಆ ವಾರವೇ ಚೆಂಬೂರಿನ ಆ ಹೋಟೆಲಿಗೆ ಹೋಗಿ ಸೇಠ್ ಎದುರು ಕೂತು ಎಲ್ಲ ಹೇಳಿದೆ. ಅವರು ನನ್ನ ಮುಂದೆ ಕಾಫಿ ಇರಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಮಾರಾಯ, ಈಗ ಹೇಳಿ ಎಂತ ಪ್ರಯೋಜನ? ಆ ಮನುಷ್ಯ ಈಗ ನಡೀತಾ ಇದ್ದಾನೆ. ನಿನ್ನ ತಂಗಿಯನ್ನು ಮೆಲ್ಲ ಮುಂದಿನ ಗಾಡಿಗೆ ಹಾಕುವ. ನೀನು ಎಲ್ಲರೆದುರು ಬಾಯಿ ಬಿಡ್ಲಿಕ್ಕೆ ಹೋಗ್ಬೇಡ. ನಮ್ಮ ಹೆಸರು ಹಾಳಾಗ್ತದೆ."

"ಅಕಿ ಹೆಸರು ಹಾಳಾಗೇತ್ರಿ" ಎಂದೆ.

"ಹೇಳಿದ್ರೆ ನಿನ್ನ ಕೆಲಸ ಉಳೀತದೆ ಅಂತ ಗ್ಯಾರಂಟಿ ಇಲ್ಲ, ನೋಡು."

"ಬ್ಯಾಡ್ರಿ" ಎಂದು ಎದ್ದೆ. ಕಾಫಿ ಕುಡಿಯಲಿಲ್ಲ. ಅವರು ಕೆಟ್ಟವರಲ್ಲ. ಆದರೆ ಎಲ್ಲರೆದುರು ಕಸಿದುಕೊಂಡದ್ದನ್ನು ಮೆಲ್ಲಗೆ, ಹಿಂದಿನ ಬಾಗಿಲಿನಿಂದ ತಿರುಗಿ ಕೊಡುವುದು ನನಗೆ ಬೇಕಿರಲಿಲ್ಲ. ಅವಳಿಗೂ ಅದು ಸಲ್ಲದು.

ದಸರೆಯ ಹೊತ್ತಿಗೆ ಕೆಲಸ ಮತ್ತೆ ಶುರುವಾಯಿತು. ಮೊದಲ ರವಿವಾರ ಬೆಳಿಗ್ಗೆ ಗಿರಾಕಿಗಳು ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ಕೂತಿದ್ದರು, ಗಾಡಿಗಳೆಲ್ಲ ಗುರುಗುಟ್ಟುತ್ತಿದ್ದವು. ಮುಂದಿನ ಗಾಡಿಯವನು ಆಗ ಎಲ್ಲರಿಗೂ ಸುರಕ್ಷತೆಯ ಮಾತು ಹೇಳಬೇಕು. ನಾನು ಇಳಿದು ನನ್ನ ಗಾಡಿಯ ಕೀಲಿ ತಿರುಗಿಸಿದೆ. ಆಮೇಲೆ ಸಾಲಿನುದ್ದಕ್ಕೂ ನಡೆದು ಒಂದೊಂದೇ ಗಾಡಿಯನ್ನು ಬಂದ್ ಮಾಡಿದೆ. "ಕ್ಯಾ ಹುವಾ, ಭಾಯಿ? ಕ್ಯಾನ್ಸಲ್ ಹೈ ಕ್ಯಾ?" ಎಂದು ಒಬ್ಬ ಕೇಳಿದ. ಸೇಠ್ ಕುರ್ಚಿಯಿಂದ ಏಳುತ್ತ, "ಏ, ಏ, ಎಂತ ಮಾಡ್ತಿದ್ದೀಯಾ?" ಎಂದು ಕೂಗಿದರು. ಇಂಜಿನ್ನಿನ ಸದ್ದಿನಲ್ಲಿ ಹೇಳಿದರೆ ಹೇಳಿದ ಹಾಗೂ ಆಗುತ್ತದೆ, ಕೇಳದ ಹಾಗೂ ಆಗುತ್ತದೆ. ಆ ಉಪಾಯ ನನಗೆ ಹೊಳೆದಿರಲಿಲ್ಲ ಎಂದಲ್ಲ.

ಹೇಳಿದ ಮಾತನ್ನು ಬರೆಯುವ ಮೊದಲು ಆಮೇಲೆ ಏನಾಯಿತೆಂದು ಹೇಳಿಬಿಡುತ್ತೇನೆ. ಯಾಕೆಂದರೆ ಆ ಮಾತಿನ ನಂತರ ನನಗೆ ಬರೆಯುವುದು ಏನೂ ಇಲ್ಲ. ಸೇಠ್ ನನ್ನನ್ನು ಮನೆಗೆ ಕಳಿಸಿದರು. ಕೆಲವು ವಾರ ಹಳೆಯ ಗ್ಯಾರೇಜಿನಲ್ಲಿ ಟಯರು ಬದಲಿಸಿದೆ. ತಂಗಿ ಮುಂದಿನ ಗಾಡಿಗೆ ಹೋದಳು, ಆ ರವಿವಾರವೇ ಹೋದಳು, ಚಸ್ಮಾವನ್ನು ಹೆಲ್ಮೆಟ್ಟಿನ ಮೇಜಿನ ಮೇಲೆ ಬಿಟ್ಟು ಹೋದಳು. ಮನೆಯಲ್ಲಿ ದೀಪಾವಳಿಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ರೊಟ್ಟಿ ಬಡಿಸುವಾಗ, "ಅವ್ವಾ, ನಿನ್ನ ಮಗಗ ಪಲ್ಯ ಬೇಕೇನ ಕೇಳು" ಎನ್ನುತ್ತಿದ್ದಳು. ಆಮೇಲೆ ಒಂದು ದಿನ ಸೇಠ್ ಫೋನ್ ಮಾಡಿ, "ಬಾ ಮಾರಾಯ. ಹಿಂದಿನ ಗಾಡಿಗೆ ನೀನೇ ಬೇಕಂತೆ ಅವಳಿಗೆ. ಎಂತಕ್ಕೆ ಅಂತ ನಂಗೊತ್ತಿಲ್ಲ" ಎಂದರು.

ಎಂತಕ್ಕೆ ಎಂದು ನನಗೆ ಮೊದಲ ದಿನವೇ ತಿಳಿಯಿತು. ಶಿಲುಬೆಯ ತಿರುವಿನಲ್ಲಿ ನಾನು ಕೈ ಎತ್ತಿದೆ. ಅವಳು ಗಾಡಿ ಬಂದ್ ಮಾಡಿ, ಇಳಿದು, ಧೂಳಿನಲ್ಲಿ ನಡೆದು ಬಂದು ಒಬ್ಬೊಬ್ಬರನ್ನೇ ಬೆರಳಲ್ಲಿ ಎಣಿಸಿ, ನನ್ನನ್ನೂ ಎಣಿಸಿ, ತಿರುಗಿ ಹೋದಳು. ಈಗಲೂ ಪ್ರತಿ ಸಲ ಹಾಗೇ ಮಾಡುತ್ತಾಳೆ. ಗಿರಾಕಿಗಳು ಅದೂ ಟೂರಿನ ಭಾಗವೆಂದು ತಿಳಿದು ಫೋಟೊ ತೆಗೆಯುತ್ತಾರೆ. ಅವಳು ಎಣಿಸಲಿ. ಎಷ್ಟು ವರ್ಷ ಬೇಕಾದರೂ ಎಣಿಸಲಿ. ನಾನು ಕೈ ಎತ್ತುವುದನ್ನು ಬಿಡುವುದಿಲ್ಲ. ಅವಳು ನನ್ನ ಮುಂದೆ ಬಂದು ನಿಲ್ಲುವವರೆಗೂ ಇಳಿಸುವುದೂ ಇಲ್ಲ. ತೋಳು ನೋಯುತ್ತದೆ. ನೋಯಲಿ.

ಆ ರವಿವಾರ ಕೊನೆಯ ಗಾಡಿ ಬಂದ್ ಆದ ಮೇಲೆ ಕಾಗೆಗಳ ಸದ್ದು ಕೇಳಿಸಿತು. ಮೊದಲು ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ, ಆ ಅಪಘಾತದ ದಿನ ಕೈ ಎತ್ತಿದ್ದು ನಾನು, ಗಿರಾಕಿಯನ್ನು ಬಿಟ್ಟು ಬಂದವನೂ ನಾನು, ನಮ್ಮ ಗೈಡಿನ ತಪ್ಪು ಏನೂ ಇರಲಿಲ್ಲ ಎಂದೆ. ಕನ್ನಡಿಯ ಜೋಕು ಮಾಡಿದ್ದವನು ತಲೆ ತಗ್ಗಿಸಿದ. ಆಮೇಲೆ ಮೇಜಿನ ಬಳಿ ಹೋದೆ. ತಂಗಿ ಒಂದು ಹೆಲ್ಮೆಟ್ಟನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಚಸ್ಮಾದ ಗಾಜಿನಲ್ಲಿ ನನ್ನ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಕೆಳಗೆ ನೋಡಬಾರದು ಎಂದು ಮೊದಲೇ ನಿಶ್ಚಯಿಸಿದ್ದೆ, ನೋಡಲಿಲ್ಲ.

"ತಂಗಿ, ಅವತ್ತ ನಾ ಕೈ ಎತ್ತಿದ್ದೆ. ನೀ ನೋಡಿದ್ದು ಖರೇ. ನಿನ್ನ ಕಣ್ಣಿಗೆ ಏನೂ ಆಗಿಲ್ಲ, ಎಂದೂ ಆಗಿದ್ದಿಲ್ಲ. ಎಲ್ಲಾರ ಮುಂದ ನಿನ್ನ ಸುಳ್ಳಿ ಮಾಡಿದೆ. ನಂದು ತಪ್ಪಾತವ್ವಾ. ನನ್ನ ಕ್ಷಮಿಸು."